ಬಸುರಿಯ ಬಿಪಿಗೆ ಸಣ್ಣ ಡೋಸಿನ ಆಸ್ಪಿರಿನ್

ಬಸುರಿ ಯಾವ ಮಾತ್ರೆಯನ್ನೂ ನುಂಗಬಾರದು ಎನ್ನುವವರು ಇನ್ನೂ ಇದ್ದಾರೆ. ಉಪ್ಪು ಬಿಟ್ಟು ಸುಮ್ನೆ ಮಲಗಿದ್ದರೆ ಬಿಪಿ ಕಾಟ ತಪ್ಪುತ್ತದೆ ಎನ್ನುವವರಂತೂ ಜಾಸ್ತಿ. ಇವೆರಡರಿಂದಲೂ ಬಸುರಿನಲ್ಲಿ ಬಿಪಿ ಏರಿ ಕಾಡುವ ಪ್ರಿ-ಎಕ್ಲಾಂಪ್ಸಿಯಾ ಎಂಬ ಕಾಯಿಲೆ ತಪ್ಪುತ್ತದೆ ಎನ್ನಲು ಪುರಾವೆ ಇಲ್ಲ. ಪುರಾವೆ ಇರುವುದು ತಲೆನೋವಿಗೆ ನುಂಗುವ ಹಳೇ ಆಸ್ಪಿರಿನ್‌ಗೆ.

ಈ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20 ವಾರ ಕಳೆದ ಮೇಲೆ. ಬಿಪಿ 140/90 ಮುಟ್ಟುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಆದರೆ ಎಡವಟ್ಟು ಶುರುವಾಗಿರುವುದು ಬಹಳ ಮೊದಲೇ. ಮಾಸು (ಪ್ಲಾಸೆಂಟಾ) ಬೇರೂರುವಾಗ ಗರ್ಭಕೋಶದ ಸುರುಳಿ ರಕ್ತನಾಳಗಳು ಅಗಲವಾಗಬೇಕು. ಅವು ಇಕ್ಕಟ್ಟಾಗಿಯೇ ಉಳಿದರೆ ಮಾಸಿಗೆ ರಕ್ತ ಸಾಲದು. ಆಗ ಅದು ತಾಯಿಯ ರಕ್ತಕ್ಕೆ ಬಿಡುವ ವಸ್ತುಗಳು ಮೈಯೆಲ್ಲದರ ರಕ್ತನಾಳಗಳನ್ನು ಕೆಡಿಸುತ್ತವೆ.

ಇನ್ನು ಆಸ್ಪಿರಿನ್ ವಿಷಯ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ವಸ್ತು ತಯಾರಿಸಿ ರಕ್ತನಾಳವನ್ನು ಬಿಗಿಯುತ್ತವೆ. ನಾಳದ ಒಳಪದರ ಪ್ರೋಸ್ಟಾಸೈಕ್ಲಿನ್ ಎಂಬುದನ್ನು ತಯಾರಿಸಿ ಅದನ್ನು ಸಡಿಲಿಸುತ್ತದೆ. ಎರಡಕ್ಕೂ ಬೇಕಾದ ಕಿಣ್ವ ಒಂದೇ ಜಾತಿಯದು, ಆಸ್ಪಿರಿನ್ ಕೈಕಟ್ಟುವುದು ಅದನ್ನೇ. ಹಾಗಾದರೆ ಎರಡೂ ನಿಲ್ಲಬೇಕಲ್ವಾ? ಇಲ್ಲ! ಹೊಸ ಕಿಣ್ವ ಮಾಡಿಕೊಳ್ಳಲು ಬೇಕಾದ ನ್ಯೂಕ್ಲಿಯಸ್ಸೇ ಪ್ಲೇಟ್‌ಲೆಟ್‌ಗೆ ಇಲ್ಲ. ಬಿತ್ತನೆ ಬೀಜ ಉಳಿಸಿಕೊಳ್ಳದ ರೈತನ ಹಾಗೆ ಅದು ಇದ್ದದ್ದನ್ನು ಕಳೆದುಕೊಂಡರೆ ಮುಗಿಯಿತು, ಸಾಯುವ ತನಕ, ಅಂದರೆ 7ರಿಂದ 10 ದಿನ, ಹೊಸ ಕಿಣ್ವ ಇಲ್ಲ. ಒಳಪದರದ ಜೀವಕೋಶ ಮತ್ತೆ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಬಿಗಿಯುವುದು ಕಡಿಮೆಯಾಗುತ್ತದೆ, ಸಡಿಲಿಸುವುದು ಉಳಿಯುತ್ತದೆ. ಇನ್ನೂ ಒಂದು ಚೆಂದದ ಸಂಗತಿ: ಕರುಳಿನಿಂದ ಲಿವರ್‌ಗೆ ಹೋಗುವ ರಕ್ತದಲ್ಲೇ ಪ್ಲೇಟ್‌ಲೆಟ್‌ಗಳು ಈ ಮಾತ್ರೆಗೆ ಸಿಕ್ಕಿಬೀಳುತ್ತವೆ. ಉಳಿದ ಆಸ್ಪಿರಿನ್‌ನಲ್ಲಿ ಸುಮಾರು ಅರ್ಧವನ್ನು ಲಿವರ್ ಒಡೆದುಹಾಕುತ್ತದೆ. ಅದಕ್ಕೇ ಡೋಸ್ ಸಣ್ಣದಿದ್ದಷ್ಟೂ ಏಟು ಪ್ಲೇಟ್‌ಲೆಟ್‌ಗೇ ಜಾಸ್ತಿ. ಆಸ್ಪಿರಿನ್ ಇದೇ ಬಳಗದ ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಂತು.

ಬಸುರಿಯರ ಕಥೆ ಅಷ್ಟು ಸಲೀಸಾಗಿರಲಿಲ್ಲ. 1994ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಕ್ಲಾಸ್ಪ್ ಪ್ರಯೋಗ ದಿನಕ್ಕೆ 60 ಮಿಲಿಗ್ರಾಂ ಕೊಟ್ಟು ನೋಡಿತು, ಲಾಭ ಸ್ಪಷ್ಟವಾಗಲಿಲ್ಲ. ಉತ್ಸಾಹ ತಣ್ಣಗಾಯಿತು. 2017ರ ಆಸ್ಪ್ರೆ ಪ್ರಯೋಗ ಅಪಾಯ ಜಾಸ್ತಿ ಇರುವವರನ್ನೇ ಆರಿಸಿ, 11ರಿಂದ 14ನೇ ವಾರದಲ್ಲಿ ಶುರುಮಾಡಿ, ರಾತ್ರಿ 150 ಮಿಲಿಗ್ರಾಂ ಕೊಟ್ಟಿತು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವ ಪ್ರಿ-ಎಕ್ಲಾಂಪ್ಸಿಯಾ ಶೇಕಡಾ 4.3ರಿಂದ 1.6ಕ್ಕೆ ಇಳಿಯಿತು. ತಡವಾಗಿ ಬರುವ ಬಗೆಗೆ ಮಾತ್ರ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಹಾಗಂತ ಎಲ್ಲ ಬಸುರಿಯರಿಗೂ ಅಲ್ಲ. ಹಿಂದಿನ ಬಸುರಿನಲ್ಲಿ ಈ ತೊಂದರೆ ಆದವರು, ಮೊದಲಿಂದಲೂ ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇರುವವರು, ಅವಳಿ ಹೊತ್ತವರು ಮೊದಲ ಭೇಟಿಯಲ್ಲೇ ಡಾಕ್ಟರನ್ನು ಕೇಳಬೇಕು. 16 ವಾರದೊಳಗೆ ಶುರುವಾದರೆ ಒಳ್ಳೆಯದು. ಲ್ಯಾಬೆಟಲಾಲ್, ನಿಫೆಡಿಪಿನ್ ಬಿಪಿ ಇಳಿಸುತ್ತವೆ, ಮಾಸಿನ ತೊಂದರೆಯನ್ನು ಸರಿಪಡಿಸುವುದಿಲ್ಲ. ಎನಾಲಪ್ರಿಲ್, ರಾಮಿಪ್ರಿಲ್ ಎಂಬ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಬಸುರು ಗೊತ್ತಾದ ಕೂಡಲೇ ಹೇಳಬೇಕು. ಅವು ಮಗುವಿನ ಕಿಡ್ನಿಗೆ ಕೇಡು.

ಕಾಯಿಲೆ ಮುಂದುವರಿದು ಫಿಟ್ಸ್ ಬಂದಾಗ ದೆವ್ವ ಹಿಡಿಯಿತು ಎಂದು ಮಂತ್ರ ಹಾಕಿಸುತ್ತ ಕೂರುವುದು ನನಗೆ ಸಿಟ್ಟು ಬರಿಸುವ ಸಂಗತಿ. ಆ ಫಿಟ್ಸ್‌ಗೆ ಮದ್ದು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. 2002ರಲ್ಲಿ ಸುಮಾರು ಹತ್ತು ಸಾವಿರ ಪ್ರಿ-ಎಕ್ಲಾಂಪ್ಸಿಯಾ ರೋಗಿಗಳ ಮೇಲೆ ನಡೆದ ಮ್ಯಾಗ್‌ಪೈ ಪ್ರಯೋಗದಲ್ಲಿ ಇದನ್ನು ಕೊಟ್ಟಾಗ ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. ಈ ಮದ್ದು ಬೇರೇನಲ್ಲ, ಭೇದಿ ಮಾಡಿಸಲು ಕೊಡುತ್ತಿದ್ದ ಎಪ್ಸಮ್ ಉಪ್ಪೇ.