ಆ ಹಳದಿ ಕಲೆ ಅಲ್ಲ, ಚಿನ್ನ

ಹೋದ ತಿಂಗಳು ಒಬ್ಬ ಹುಡುಗ ಅಂಗಡಿಗೆ ಬಂದ. ಖಾನಾಪುರ ಕಡೆಯ ಒಂದು ಹಳ್ಳಿಯ ಚರ್ಚಿನಲ್ಲಿ ಪೂಜೆ ಸಾಮಾನು ನೋಡಿಕೊಳ್ಳುವವನು. ಕ್ಯಾರಿಬ್ಯಾಗಿನಲ್ಲಿ ಹಳೇ ಪೇಪರಿನ ಗಂಟು. ಅದಕ್ಕೆ ನಾಲ್ಕು ರಬ್ಬರ್ ಬ್ಯಾಂಡು. ಬಿಚ್ಚಿದರೆ ಒಳಗೆ ಬೆಳ್ಳಿಯ ಚಾಲೀಸ್. ಬಲಿಪೂಜೆಯಲ್ಲಿ ಫಾದರ್ ದ್ರಾಕ್ಷಾರಸ ಹಾಕಿ ಮೇಲೆತ್ತಿ ಹಿಡಿಯುತ್ತಾರಲ್ಲ, ಆ ಪಾತ್ರೆ.

"ಅಣ್ಣಾರ, ಒಳಗ ಹಳದಿ ಕಲೆ ಹತ್ತೇತ್ರಿ. ಎರಡು ದಿನ ಟೂತ್‌ಪೇಸ್ಟ್ ಹಚ್ಚಿ ತಿಕ್ಕೇನಿ, ಅರ್ಧ ಹೋಗೇತಿ. ಉಳಿದಿದ್ದು ಮಷೀನಿಗೆ ಹಿಡಿದು ತಗದು ಕೊಡ್ರಿ" ಅಂದ.

ಬಟ್ಟಲಿನೊಳಗೆ ನೋಡಿದೆ. ಒಂದು ಮಗ್ಗುಲು ಬೆಳ್ಳಗೆ ಗೀರುಗೀರಾಗಿತ್ತು. ಇನ್ನೊಂದು ಮಗ್ಗುಲು ತಿಳಿ ಹಳದಿ, ಬೆಣ್ಣೆ ಕಾಯಿಸಿದಾಗ ಬರುವ ತುಪ್ಪದ ಬಣ್ಣ. ಪಾಪ, ಆ ಹುಡುಗ ಎರಡು ದಿನ ಕೂತು ತಿಕ್ಕಿ ತೆಗೆದದ್ದು ಚಿನ್ನ.

ಇಂಥದ್ದು ಇದೇ ಮೊದಲಲ್ಲ. ಬೆಳಗಾವಿಯ ಶಹಾಪುರದ ಸರಾಫ್ ಗಲ್ಲಿಯಲ್ಲಿ ಕೂತು ನನಗೆ ಮೂವತ್ತು ವರ್ಷ ದಾಟಿತು. ನಮ್ಮಪ್ಪನೂ ಬೆಳ್ಳಿ ಪತ್ತಾರನೇ. ನಮ್ಮ ಕೈಗೆ ಹೆಚ್ಚಾಗಿ ಬರುವುದು ಸಮೆ ದೀಪ, ಆರತಿ ತಟ್ಟೆ, ಲಿಂಗದ ಕರಡಿಗೆ. ಆದರೆ ಬೆಳಗಾವಿ ಅಂದಮೇಲೆ ಗೋವಾ ಪಕ್ಕದಲ್ಲೇ ಇದೆ, ಬ್ರಿಟಿಷರ ಕಾಲದ ಕ್ಯಾಂಪ್, ಅಂದರೆ ದಂಡಿನ ಪ್ರದೇಶ, ಊರೊಳಗೇ ಇದೆ. ಇಲ್ಲಿನ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ, ಆದದ್ದು 1953ರಲ್ಲಿ, ಚರ್ಚುಗಳು ಮಾತ್ರ ಅದಕ್ಕಿಂತ ಬಹಳ ಹಳೆಯವು. ಹಾಗಾಗಿ ವರ್ಷಕ್ಕೆ ನಾಲ್ಕೈದು ಚಾಲೀಸ್ ನನ್ನ ಮುಂದೆ ಬರುತ್ತವೆ. ಕ್ರಿಸ್ಮಸ್ಸಿಗೆ ಮುಂಚೆ, ಈಸ್ಟರಿಗೆ ಮುಂಚೆ. ಅದರಲ್ಲಿ ಎರಡಾದರೂ ಹೀಗೆ ತಿಕ್ಕಿಸಿಕೊಂಡೇ ಬಂದಿರುತ್ತವೆ. ಅದಕ್ಕೇ ಇವತ್ತು ಒಂದೇ ವಿಷಯ ಹಿಡಿದು ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಎರಡು ಮೂರು ಸಲ ಹೇಳಬಹುದು.

ಬೆಳ್ಳಿ ಚಾಲೀಸಿನ ಬಟ್ಟಲಿನ ಒಳಗಿರುವ ಹಳದಿ ಗಿಲೀಟು, ಅಂದರೆ ಚಿನ್ನದ ಲೇಪ. ಯಾರೋ ಶೋಕಿಗೆ ಹಾಕಿಸಿದ್ದಲ್ಲ, ಕ್ಯಾಥೋಲಿಕ್ ಪೂಜಾವಿಧಿಯ ನಿಯಮದಲ್ಲೇ ಇದೆ. ಪಾತ್ರೆ ಚಿನ್ನಕ್ಕಿಂತ ಕಡಿಮೆ ದರ್ಜೆಯ ಲೋಹದ್ದಾದರೆ ಸಾಮಾನ್ಯವಾಗಿ ಅದರ ಒಳಭಾಗಕ್ಕೆ ಚಿನ್ನದ ಲೇಪ ಇರಬೇಕು. ನನಗೆ ಇದನ್ನು ಪುಸ್ತಕ ತೆಗೆದು ತೋರಿಸಿದವರು ಕ್ಯಾಂಪಿನ ಕಡೆಯ ಒಬ್ಬ ಹಿರಿಯ ಫಾದರ್. ಗಾಜು, ಮಣ್ಣಿನಂಥ ಒಡೆಯುವ ಪಾತ್ರೆ ಬಳಸಬೇಡಿ ಅಂತ 2004ರಲ್ಲಿ ವ್ಯಾಟಿಕನ್ ಇನ್ನೊಮ್ಮೆ ಹೇಳಿದೆ ಅಂತಲೂ ಅವರೇ ಹೇಳಿದರು.

"ಅಲ್ರೀ, ಬೆಳ್ಳಿ ಸವೆದು ಪಿತ್ತಳಿ ಕಾಣಾಕತ್ತೇತಿ" ಅನ್ನುವವರೇ ಜಾಸ್ತಿ. ಈ ಅನುಮಾನ ಬರುವುದರಲ್ಲಿ ತಪ್ಪಿಲ್ಲ. ಬೆಳ್ಳಿ ಲೇಪದ ಸಾಮಾನಿನಲ್ಲಿ ಹಾಗೆ ಆಗುವುದನ್ನು ಎಲ್ಲರೂ ನೋಡಿದ್ದಾರೆ. ಆದರೆ ಹಳದಿ ಎಲ್ಲಿ ಕಾಣುತ್ತಿದೆ ಅಂತ ನೋಡಿ. ಲೇಪ ಸವೆಯುವುದು ಕೈ, ಬಟ್ಟೆ, ತುಟಿ ತಾಗುವ ಕಡೆ. ಅಂದರೆ ಅಂಚು, ಕಂಬದ ನಡುವೆ ಹಿಡಿಯಲು ಇರುವ ಗಂಟು, ಉಬ್ಬು ಕೆತ್ತನೆಯ ಮೂಗು. ಅಂಥ ಕಡೆ ಹಳದಿ ಎದ್ದು, ತಗ್ಗಿನಲ್ಲಿ ಬಿಳಿ ಉಳಿದಿದ್ದರೆ ಒಳಗೆ ಪಿತ್ತಳೆ ಇದೆ, ಮೇಲಿನ ಬೆಳ್ಳಿ ಸವೆದಿದೆ. ಇದರ ಉಲ್ಟಾ ಇದ್ದರೆ, ಅಂದರೆ ಅಂಚು ಬೆಳ್ಳಗಾಗಿ ಬಟ್ಟಲಿನ ತಳದಲ್ಲಿ, ಮೂಲೆಯಲ್ಲಿ ಹಳದಿ ಉಳಿದಿದ್ದರೆ, ಒಳಗೆ ಇರುವುದು ಬೆಳ್ಳಿ. ಮೇಲಿನ ಚಿನ್ನ ಸವೆಯುತ್ತಿದೆ. ಸವೆಯುವ ಜಾಗದಲ್ಲಿ ಕಾಣುವುದು ಒಳಗಿನ ಲೋಹ, ಸವೆಯದ ಜಾಗದಲ್ಲಿ ಉಳಿಯುವುದು ಮೇಲಿನ ಲೋಹ. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಆಯಿತು. ಇನ್ನೊಂದು ಗುರುತು ಅಂದರೆ, ಗಿಲೀಟು ಅಂಚಿನ ಹತ್ತಿರ ಗೆರೆ ಎಳೆದಂತೆ ನಿಂತಿರುತ್ತದೆ. ಕಲೆ ಎಲ್ಲಾದರೂ ಹಾಗೆ ಗೆರೆ ನೋಡಿಕೊಂಡು ನಿಲ್ಲುತ್ತದಾ?

ಪೀಠದ ವಿಷಯಕ್ಕೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ, ಹೇಳಿಬಿಡುತ್ತೇನೆ. ಎಷ್ಟೋ ಹಳೆಯ ಚಾಲೀಸ್‌ಗಳಲ್ಲಿ ಬಟ್ಟಲು ಮಾತ್ರ ಬೆಳ್ಳಿ, ಕೆಳಗಿನ ಕಂಬ ಮತ್ತು ಪೀಠ ಗಿಲೀಟು ಮಾಡಿದ ಪಿತ್ತಳೆ. ಮೋಸ ಅಲ್ಲ, ಆಗಿನ ಪದ್ಧತಿಯೇ ಹಾಗೆ. ಹಾಗಾಗಿ ಕೈಯಲ್ಲಿ ಹಿಡಿದು ನೋಡದೆ, ಬರೇ ವಾಟ್ಸಾಪ್ ಫೋಟೋ ನೋಡಿ ನಾನು ಏನೂ ಹೇಳುವುದಿಲ್ಲ. ಹೇಳುವವರನ್ನು ನಂಬಲೂ ಬೇಡಿ.

ಒಳಗೆ ಚಿನ್ನವೇ ಯಾಕೆ? ಭಕ್ತಿಯ ಕಾರಣ ಫಾದರ್ ಹೇಳುತ್ತಾರೆ. ಪತ್ತಾರನಿಗೆ ಗೊತ್ತಿರುವ ಕಾರಣ ಬೇರೆ. ಪಾತ್ರೆ ಬೆಳ್ಳಿಯಲ್ಲಿ ಗಟ್ಟಿತನಕ್ಕೆ ತಾಮ್ರ ಸೇರಿಸಿರುತ್ತಾರೆ. ದ್ರಾಕ್ಷಾರಸದಲ್ಲಿ ಹುಳಿ ಇದೆ, ಕೆಡದಿರಲಿ ಅಂತ ಹಾಕಿದ ಗಂಧಕದ ಅಂಶವೂ ಸಾಮಾನ್ಯವಾಗಿ ಇರುತ್ತದೆ. ಹುಳಿ ತಾಮ್ರವನ್ನು ಕೆಣಕುತ್ತದೆ, ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಚಿನ್ನಕ್ಕೆ ಇವೆರಡೂ ಲೆಕ್ಕಕ್ಕಿಲ್ಲ. ಆ ಹುಡುಗ ಉಳಿದ ಹಳದಿಯನ್ನೂ ತೆಗೆಸಿದ್ದರೆ ಆರು ತಿಂಗಳಲ್ಲಿ ಬಟ್ಟಲು ಒಳಗೆಲ್ಲ ಕಪ್ಪಾಗಿ, ಮತ್ತೆ ತಿಕ್ಕಲು ಕೂರುತ್ತಿದ್ದ.

ಹಳೇ ಗಿಲೀಟು ಇವತ್ತಿನ ಗಿಲೀಟಿನಂತೆ ಅಲ್ಲ ಅನ್ನುವುದೂ ಗೊತ್ತಿರಲಿ. 1840ರ ಸುಮಾರಿಗೆ ಕರೆಂಟಿನ ಗಿಲೀಟು ಬಂತು. ಅದಕ್ಕೆ ಮುಂಚೆ ಚಿನ್ನವನ್ನು ಪಾದರಸದಲ್ಲಿ ಕಲಸಿ, ಬೆಣ್ಣೆಯ ಹಾಗೆ ಮಾಡಿ, ಬೆಳ್ಳಿಗೆ ಸವರಿ ಕೆಂಡಕ್ಕೆ ಹಿಡಿಯುತ್ತಿದ್ದರು. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಕಚ್ಚಿಕೊಂಡು ಉಳಿಯುತ್ತದೆ. ಆ ಹೊಗೆ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ತಲೆ ಕೆಡುತ್ತಿತ್ತು. ಈಗ ನಾವ್ಯಾರೂ ಅದನ್ನು ಮಾಡುವುದಿಲ್ಲ, ಮಾಡಲೂಬಾರದು. ಆದರೆ ಆ ಲೇಪ ದಪ್ಪ, ಬಣ್ಣ ಮೆತ್ತಗೆ. ಇವತ್ತು ಅಗ್ಗಕ್ಕೆ ಹಾಕಿಸುವ ಲೇಪ ಎಷ್ಟೋ ಸಲ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಹೋದ ಚಿನ್ನವನ್ನು ವಾಪಸ್ ಹಾಕಬಹುದು ಅನ್ನುವ ಧೈರ್ಯ ಬೇಡ. ವಾಪಸ್ ಬರುವುದು ಬೇರೆ ಚಿನ್ನ.

ಈಗ ಕಪ್ಪಿನ ಮಾತು. ಬೆಳ್ಳಿ ಮೇಲಿನ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆ ಅಲ್ಲ. ಗಾಳಿಯಲ್ಲಿನ ಗಂಧಕ ಬೆಳ್ಳಿಯ ಜೊತೆ ಸೇರಿ ಆದದ್ದು. ಅದನ್ನು ತಿಕ್ಕಿದಾಗ ಹೋಗುವುದರಲ್ಲಿ ಬೆಳ್ಳಿಯೂ ಇದೆ. ನಮ್ಮ ಕಡೆ ಮನೆಮನೆಯಲ್ಲೂ ವಿಭೂತಿ ಹಚ್ಚಿ ಬೆಳ್ಳಿ ತಿಕ್ಕುತ್ತಾರೆ. ನೂರು ವರ್ಷದ ಕರಡಿಗೆಯೊಂದು ಒಮ್ಮೆ ಬಂದಿತ್ತು. ಅತ್ತೆ, ಸೊಸೆ, ಸೊಸೆಯ ಸೊಸೆ ಎಲ್ಲರೂ ಸೋಮವಾರ ಸೋಮವಾರ ತಿಕ್ಕಿ, ಮುಚ್ಚಳ ಎಲೆಯಷ್ಟು ತೆಳ್ಳಗಾಗಿ, ಹೆಬ್ಬೆರಳು ತಾಗುವಲ್ಲಿ ತೂತೇ ಬಿದ್ದಿತ್ತು. ಆ ಅಜ್ಜಿಗೆ ನಾನು ಬೈಯಲಿಲ್ಲ. ಆ ತೂತಿನಲ್ಲಿ ಅಷ್ಟು ಭಕ್ತಿ ಇತ್ತು. ಆದರೂ ತೂತು ತೂತೇ ಅಲ್ವಾ?

ಚಾಲೀಸಿಗೆ ಪೇಸ್ಟ್, ಹುಣಸೆಹಣ್ಣು, ಬೂದಿ, ಬೆಳ್ಳಿ ಅದ್ದಿ ಕಪ್ಪು ತೆಗೆಯುವ ಬಾಟಲಿ ದ್ರಾವಣ, ಒಂದೂ ಬೇಡ. ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ಉಪಾಯ ಮೊಬೈಲಿನಲ್ಲಿ ಎಲ್ಲರೂ ನೋಡಿದ್ದಾರೆ. ಅದರಿಂದ ಕಪ್ಪು ಹೋಗುವುದು ನಿಜ. ಆದರೆ ಕೆತ್ತನೆಯ ಸಂದಿಯಲ್ಲಿ ಇರಲೇಬೇಕಾದ ಕಪ್ಪೂ ಹೋಗಿ ಪಾತ್ರೆ ಸುಣ್ಣ ಬಳಿದಂತೆ ಕಾಣುತ್ತದೆ. ಪೊಳ್ಳು ಪೀಠದೊಳಗೆ ನೀರು ಹೊಕ್ಕರೆ ಹೊರಗೆ ಬರುವುದೂ ಇಲ್ಲ. ಉಗುರುಬೆಚ್ಚಗಿನ ನೀರು, ಒಂದು ಹನಿ ಮೆತ್ತನೆಯ ಸೋಪು, ಹಳೇ ಹತ್ತಿ ಬಟ್ಟೆ ಸಾಕು. ನಾನು ಅಂಟುವಾಳದ ನೀರು ಬಳಸುತ್ತೇನೆ, ಅಪ್ಪ ಬಳಸುತ್ತಿದ್ದ ಅಂತ. ತೊಳೆದ ಕೂಡಲೇ ಒರೆಸಬೇಕು. ಪ್ರತಿ ಭಾನುವಾರ ಬಳಸಿ, ತೊಳೆದು, ಒರೆಸಿ ಇಡುವ ಪಾತ್ರೆ ಸುಲಭಕ್ಕೆ ಕಪ್ಪಾಗುವುದಿಲ್ಲ. ಕಪಾಟಿನಲ್ಲಿ ಜೋಪಾನ ಮಾಡಿದ್ದೇ ಕಪ್ಪಾಗುವುದು. ಅದರಲ್ಲೂ ರಬ್ಬರ್ ಬ್ಯಾಂಡು ಸುತ್ತಿದರೆ ಕೇಳಲೇಬೇಡಿ. ರಬ್ಬರಿನಲ್ಲಿ ಗಂಧಕ ಇದೆ, ಉಣ್ಣೆಯಲ್ಲಿದೆ, ಪೇಪರಿನಲ್ಲೂ ಇರಬಹುದು.

ಬೆಸುಗೆಗೆ ಕೊಡುವವರಿಗೂ ಒಂದು ಮಾತು. ಕಂಬ ಅಲ್ಲಾಡುತ್ತಿದ್ದರೆ ನೂರಕ್ಕೆ ಎಂಬತ್ತು ಸಲ ಬೆಸುಗೆ ಬಿಟ್ಟಿರುವುದಿಲ್ಲ. ಪೀಠದ ಕೆಳಗೆ ತಿರುಪು, ನಟ್ಟು ಇರುತ್ತದೆ, ಅದು ಸಡಿಲ ಆಗಿರುತ್ತದೆ, ಅಷ್ಟೇ. ಅದನ್ನು ಗೊತ್ತು ಮಾಡಿಕೊಳ್ಳದೆ ಯಾರೋ ಸೀಸದ ಬೆಸುಗೆ ಹಾಕಿಬಿಡುತ್ತಾರೆ. ಆಮೇಲೆ ನಾನು ಬೆಂಕಿ ತೋರಿಸಿದರೆ ಆ ಸೀಸ ಬೆಳ್ಳಿಯನ್ನೇ ತಿನ್ನುತ್ತದೆ. ಗಿಲೀಟು ನಿಜವಾಗಿಯೂ ಪೂರ್ತಿ ಹೋಗಿ ಹೊಸದು ಹಾಕಿಸಲೇಬೇಕಾದರೆ, ಬಟ್ಟಲು, ಕಂಬ, ಪೀಠ ಮೂರೂ ಭಾಗ ಬಿಚ್ಚಿಸಿ ಹಾಕಿಸಿ. ಗಿಲೀಟಿನ ದ್ರಾವಣದಲ್ಲಿ ಸಾಮಾನ್ಯವಾಗಿ ಸಯನೈಡ್ ಇರುತ್ತದೆ. ಇದು ಕುಡಿಯುವ ಪಾತ್ರೆ. ಸಂದಿಯಲ್ಲಿ ಒಂದು ಹನಿಯೂ ಉಳಿಯಬಾರದು. ಅಂಗಡಿಯವನು "ಬಿಚ್ಚೋದು ಯಾಕ್ರೀ" ಅಂದರೆ ಪಾತ್ರೆ ವಾಪಸ್ ತಗೊಂಡು ಬನ್ನಿ.

ಮಷೀನಿನ ಪಾಲಿಶ್ ಅಂದರೆ ನನಗೆ ಭಯ ಇರುವುದು ಮುದ್ರೆಗಳಿಂದಾಗಿ. ಬಟ್ಟಲಿನ ಅಂಚಿನಲ್ಲೋ ಪೀಠದ ಅಡಿಯಲ್ಲೋ ಬೆಳ್ಳಿ ಎಷ್ಟು ಶುದ್ಧ ಅಂತ ಹೇಳುವ ಎಳ್ಳಿನಷ್ಟು ಮುದ್ರೆ ಇರುತ್ತದೆ, ಪಾಲಿಶಿಗೆ ಅದು ಅಳಿಸಿಹೋಗುತ್ತದೆ. ಫ್ರಾನ್ಸಿನದಾದರೆ 1838ರಿಂದ ಈಚೆಗೆ ಮಿನರ್ವಾ ದೇವಿಯ ತಲೆ. ಹಳೇದರಲ್ಲಿ ಪಕ್ಕದಲ್ಲಿ 1 ಇದ್ದರೆ ಸಾವಿರಕ್ಕೆ 950 ಪಾಲು ಬೆಳ್ಳಿ, 2 ಇದ್ದರೆ 800. ಇಂಗ್ಲೆಂಡಿನದಾದರೆ ನಡೆಯುವ ಸಿಂಹ, 925. ಗೋವಾದ ಹಳೇ ಕೆಲಸದಲ್ಲಿ ಎಷ್ಟೋ ಸಲ ಮುದ್ರೆಯೇ ಇರುವುದಿಲ್ಲ. ಮುದ್ರೆ ಇಲ್ಲ ಅಂದಮಾತ್ರಕ್ಕೆ ಕಡಿಮೆ ಅಂತ ತಿಳಿಯಬೇಡಿ. ಹಳೇ ಗೋವಾದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಅವರ ಬೆಳ್ಳಿ ಪೆಟ್ಟಿಗೆ ಇದೆಯಲ್ಲ, ಅದು 1636-37ರಲ್ಲಿ ಅಲ್ಲಿನ ಪತ್ತಾರರೇ ಮಾಡಿದ್ದು. ನಾನು ಚೋರ್ಲಾ ಘಾಟ್ ಇಳಿದು ಹೋಗಿ ನೋಡಿದ್ದು ಸಂತರ ದರ್ಶನಕ್ಕೆ ಅಂತಲೇ. ನೋಡುತ್ತಾ ನಿಂತದ್ದು ಮಾತ್ರ ಉಬ್ಬು ಕೆಲಸವನ್ನು. ಹಿಂದಿನವರು ತಳ್ಳಿದ ಮೇಲೆ ಸರಿದೆ.

ಪೀಠದ ಅಡಿಯಲ್ಲಿ ಬರಹವೂ ಇರಬಹುದು. ಮಗ ಗುರುದೀಕ್ಷೆ ಪಡೆದು ಫಾದರ್ ಆದಾಗ ತಂದೆತಾಯಿ ಕೊಟ್ಟದ್ದು, ಅವರ ಹೆಸರು, ತಾರೀಖು. ಒಂದರಲ್ಲಿ ತಾಯಿಯ ಮೂಗುತಿಯ ಕೆಂಪು ಹರಳನ್ನು ಗಂಟಿನಲ್ಲಿ ಕೂರಿಸಿದ್ದರು. ಇನ್ನೊಂದರಲ್ಲಿ ಬರಹ ಇತ್ತು ಅನ್ನುವ ಗುರುತಷ್ಟೇ ಇತ್ತು. ಪಾಲಿಶ್ ಮಾಡಿದವನು ಚೆನ್ನಾಗಿಯೇ ಹೊಳೆಸಿದ್ದ.

"ತೂಕ ಎಷ್ಟಾಗುತ್ತದೆ?" ಅಂತ ಕೇಳುವವರಿಗೆ ನಾನು ತಕ್ಕಡಿ ತೆಗೆಯುವುದಿಲ್ಲ. ಚರ್ಚಿನ ಹಳೇ ಬೆಲೆಬಾಳುವ ವಸ್ತು ಮಾರಲು ಊರಿನ ಕಮಿಟಿ ಒಪ್ಪಿದರೆ ಸಾಲದು, ಮೇಲಿನವರೆಗೆ ಅನುಮತಿ ಬೇಕು. ನೂರು ವರ್ಷ ದಾಟಿದ್ದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೂ ಇದೆ, ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೊರದೇಶಕ್ಕೆ ಹೋಗುವಂತಿಲ್ಲ. ಹೆಚ್ಚಿನದನ್ನು ವಕೀಲರನ್ನೂ ಬಿಷಪ್ ಹೌಸಿನವರನ್ನೂ ಕೇಳಿ. ನಾನು ಪತ್ತಾರ.

ಆ ಹುಡುಗನಿಗೆ ಇದನ್ನೆಲ್ಲ ಒಂದು ತಾಸು ಹೇಳಿದೆ. ಮುಖ ಸಣ್ಣದಾಯಿತು. ಅಲ್ಲಿಂದಲೇ ಫಾದರಿಗೆ ಫೋನ್ ಮಾಡಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದ ಅರ್ಧ ಗಟ್ಟಿ ಐತೇನು ಕೇಳು" ಅಂದರು. ಗಟ್ಟಿ ಇದೆ ಅಂದೆ. ಸದ್ಯಕ್ಕೆ ಏನೂ ಮಾಡಬೇಡಿ, ತೊಳೆದು ಕೊಡಿ, ಬಿಷಪ್ಪರನ್ನು ಕೇಳಿ ಹೇಳುತ್ತೇನೆ ಅಂದರು. ಒಳ್ಳೆಯ ಮನುಷ್ಯ.

ಅಪ್ಪ ಇಂಥ ಪಾತ್ರೆ ಬಂದರೆ ಕೈ ತೊಳೆದುಕೊಂಡು, ಹೊಸ ಬಟ್ಟೆ ಹಾಸಿಯೇ ಮುಟ್ಟುತ್ತಿದ್ದ. ನಾನೂ ಹಾಗೇ ತೊಳೆದು, ಒರೆಸಿ, ಮಲ್ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಹುಡುಗ ನಮಸ್ಕಾರ ಮಾಡಿ ಹೊರಟ. ಕಟ್ಟೆ ಇಳಿದು, ಕಿಸೆಯಿಂದ ಆ ನಾಲ್ಕು ರಬ್ಬರ್ ಬ್ಯಾಂಡು ತೆಗೆದು ಬಟ್ಟೆಯ ಮೇಲೆ ಹಾಕತೊಡಗಿದ. ನಾನು ಎದ್ದು ಹೋಗಿ ಅವನ್ನು ಇಸಿದುಕೊಂಡು, ಹತ್ತಿ ದಾರ ಕಟ್ಟಿ ಕಳಿಸಿದೆ.