ಒಂದೇ ಹಾಡು, ಎರಡು ಮಿಕ್ಸ್: ‘ಕ್ಯಾಚ್ ಎ ಫೈರ್’ ಕಲಿಸುವ ಪಾಠ

ಧ್ವನಿಮುದ್ರಿಸಿದ ದನಿಗಳನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್ ಕಲಿಯಲು ಬರುವವರಿಗೆ ಮೊದಲ ದಿನ ನಾನು ಒಂದು ಗುಂಡಿಯನ್ನೂ ಮುಟ್ಟಗೊಡುವುದಿಲ್ಲ. ‘ಕಾಂಕ್ರೀಟ್ ಜಂಗಲ್’ ಹಾಡನ್ನು ಎರಡು ಸಲ ಕೇಳಿಸುತ್ತೇನೆ. ಮೊದಲು, 1972ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಧ್ವನಿಮುದ್ರಣಗೊಂಡ ರೂಪ. ಆಮೇಲೆ, 1973ರ ಏಪ್ರಿಲ್‌ನಲ್ಲಿ ‘ಕ್ಯಾಚ್ ಎ ಫೈರ್’ ಆಲ್ಬಂನಲ್ಲಿ ಹೊರಬಂದ ರೂಪ. ಎರಡರಲ್ಲೂ ಬಾಬ್ ಮಾರ್ಲಿಯ ಅದೇ ಗಾಯನ, ಅದೇ ತಾಳ. ಆದರೂ ಕೇಳಿದವರ ಮುಖದಲ್ಲಿ ಗೊಂದಲ ಕಾಣುತ್ತದೆ. ಏನು ಬದಲಾಯಿತು ಎಂದು ಅವರೇ ಪತ್ತೆ ಹಚ್ಚುವುದು ಮೊದಲ ಪಾಠ.

‘ವೈಲರ್ಸ್’ ತಂಡದ ಮಾರ್ಲಿ, ಪೀಟರ್ ಟಾಶ್, ಬನ್ನಿ ವೈಲರ್ ಅಷ್ಟು ಹೊತ್ತಿಗೆ ಸುಮಾರು ಹತ್ತು ವರ್ಷದಿಂದ ಹಾಡುತ್ತಿದ್ದರು. ಜಮೈಕಾದಲ್ಲಿ ಮನೆಮಾತಾಗಿದ್ದರು, ಹೊರಗೆ ಅವರನ್ನು ಬಲ್ಲವರು ಕಡಿಮೆ. ಲಂಡನ್ನಿನ ಧ್ವನಿಮುದ್ರಣ ಕಂಪನಿ ಐಲ್ಯಾಂಡ್ ರೆಕಾರ್ಡ್ಸ್‌ನ ಒಡೆಯ ಕ್ರಿಸ್ ಬ್ಲ್ಯಾಕ್‌ವೆಲ್ ಸುಮಾರು 4,000 ಪೌಂಡ್ ಮುಂಗಡ ಕೊಟ್ಟು, ಬಿಡಿ ಹಾಡುಗಳ ಬದಲು ಒಂದು ಪೂರ್ತಿ ಆಲ್ಬಂ ಮಾಡಿಕೊಂಡು ಬನ್ನಿ ಎಂದರು. ಆ ದುಡ್ಡು ಮರಳಿ ಬರುವುದಿಲ್ಲ ಎಂದು ಸುತ್ತಲಿನವರು ಎಚ್ಚರಿಸಿದ್ದರು. ಮಾರ್ಲಿ ಟೇಪುಗಳನ್ನು ಹಿಡಿದು ಲಂಡನ್ನಿಗೆ ಬಂದರು.

ಆ ಟೇಪಿನಲ್ಲಿದ್ದ ಲಯವನ್ನು ನಮ್ಮವರಿಗೆ ವಿವರಿಸುವುದು ಸುಲಭ. ನಾಲ್ಕು ಎಣಿಕೆಯ ಆವರ್ತ ಎಂದುಕೊಳ್ಳಿ. ರಾಕ್ ಸಂಗೀತದಲ್ಲಿ ಮೊದಲ ಎಣಿಕೆಗೆ ದೊಡ್ಡ ಡ್ರಂ ಬೀಳುತ್ತದೆ. ಮಾರ್ಲಿ ಹಾಡುತ್ತಿದ್ದ ಜಮೈಕಾದ ಸಂಗೀತ ಪ್ರಕಾರ ರೆಗೆಯ ‘ಒನ್ ಡ್ರಾಪ್’ ನಡೆಯಲ್ಲಿ ಆ ಮೊದಲ ಎಣಿಕೆ ಖಾಲಿ. ಪೆಟ್ಟು ಬೀಳುವುದು ಮೂರನೆಯದಕ್ಕೆ. ಎರಡಕ್ಕೂ ನಾಲ್ಕಕ್ಕೂ ಗಿಟಾರಿನ ಮೊಟಕು ಮೀಟು. ಸಂಗೀತ ಕಛೇರಿಗೆ ಹೋಗುವವರಿಗೆ ಸಮ ಬಿಟ್ಟು ಎಡುಪು ಇರುವ ಪಲ್ಲವಿಯ ರುಚಿ ಗೊತ್ತು: ಕೈ ತಾಳ ಹಾಕಿಯಾಗಿದೆ, ಹಾಡು ಇನ್ನೂ ಬಂದಿಲ್ಲ. ಆ ಬಿಗಿಹಿಡಿದ ಉಸಿರು ಇಲ್ಲಿ ಆವರ್ತದಿಂದ ಆವರ್ತಕ್ಕೆ ಮರಳುತ್ತದೆ. ಡ್ರಂ ನುಡಿಸಿದ ಕಾರ್ಲ್‌ಟನ್ ಬ್ಯಾರೆಟ್ ಈ ನಡೆಯ ಮಹಾಗುರು. ಬಿಟ್ಟ ಜಾಗದಲ್ಲಿ ಓಡಾಡುವುದು ತಗ್ಗು ಸ್ವರಗಳ ಬೇಸ್ ಗಿಟಾರ್. ರೆಗೆಯಲ್ಲಿ ಅದು ಪಕ್ಕವಾದ್ಯವಲ್ಲ, ಎರಡನೆಯ ಗಾಯಕ.

ಲಂಡನ್ನಿನಲ್ಲಿ ಬ್ಲ್ಯಾಕ್‌ವೆಲ್ ಆ ಬೇಸನ್ನು ತಗ್ಗಿಸಿದರು. ಅಲಬಾಮಾದ ಗಿಟಾರ್ ವಾದಕ ವೇಯ್ನ್ ಪರ್ಕಿನ್ಸ್, ಟೆಕ್ಸಾಸ್‌ನ ಕೀಬೋರ್ಡ್ ವಾದಕ ಜಾನ್ ಬಂಡ್ರಿಕ್ ಇಬ್ಬರಿಂದಲೂ ಮೇಲುಪದರ ಸೇರಿಸಿದರು. ರೆಗೆಯೇ ಗೊತ್ತಿಲ್ಲದ ಪರ್ಕಿನ್ಸ್‌ಗೆ ಆವರ್ತದ ಮೊದಲ ಎಣಿಕೆ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಯಿತಂತೆ. ಅದೇ ಮನುಷ್ಯ ‘ಕಾಂಕ್ರೀಟ್ ಜಂಗಲ್’ಗೆ ನುಡಿಸಿದ ಸೋಲೋ ಇಂದಿಗೂ ನನ್ನ ಮೈ ನವಿರೇಳಿಸುತ್ತದೆ.

ಇದು ಬಿಳಿಯರಿಗೆ ಮಾರಲು ಮಾಡಿದ ಕಲಬೆರಕೆ ಎಂಬ ದೂರು ಹಳೆಯದು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮಿಕ್ಸ್ ಮಾಡುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಹಾಡು ಯಾವ ಕೋಣೆಯಲ್ಲಿ ಮೊಳಗುತ್ತದೆ ಎಂಬುದು. ಕಿಂಗ್‌ಸ್ಟನ್ನಿನ ಹಾಡುಗಳು ಬಯಲಿನಲ್ಲಿ, ಆಳೆತ್ತರದ ಸ್ಪೀಕರುಗಳ ಮುಂದೆ ಕುಣಿಯುವವರಿಗಾಗಿ ಹುಟ್ಟಿದವು. ಅಲ್ಲಿ ಬೇಸ್ ಎದೆಗೇ ತಾಗಬೇಕು. ಲಂಡನ್ನಿನ ಕೊಳ್ಳುಗ ಮನೆಯ ಸ್ಟೀರಿಯೋ ಮುಂದೆ ಕೂತು ಕೇಳುವವನು. ಗ್ರಾಮಫೋನ್ ತಟ್ಟೆಯ ಮಿತಿಯೂ ಇದೆ: ಬೇಸ್ ಜೋರಾದಷ್ಟೂ ತಟ್ಟೆಯ ಗೀರು ಅಗಲ ಜಾಗ ಬೇಡುತ್ತದೆ. ಬದಿಗೊಂದೇ ಹಾಡಿರುವ ಮೂರು ನಿಮಿಷದ ಸಿಂಗಲ್‌ ತಟ್ಟೆಯಲ್ಲಿ ಜಾಗ ಧಾರಾಳ. ಒಂದೊಂದು ಬದಿಗೂ ಹತ್ತಿರಹತ್ತಿರ ಇಪ್ಪತ್ತು ನಿಮಿಷ ತುಂಬಿದ ಎಲ್‌ಪಿಯಲ್ಲಿ, ಅಂದರೆ ಆಲ್ಬಂ ತಟ್ಟೆಯಲ್ಲಿ, ಇಲ್ಲ. ಆದರೆ ಒಂದು ಮಾತು ನಿಜ. ಹಾಡಿನ ಖಾಲಿ ಜಾಗವನ್ನು ಲಂಡನ್ ಅಷ್ಟು ಗೌರವಿಸಲಿಲ್ಲ.

ಸಿಗರೇಟು ಹಚ್ಚುವ ಜಿಪ್ಪೋ ಲೈಟರಿನಂತೆ ಮುಚ್ಚಳ ತೆರೆಯುವ, ಆಲ್ಬಂನ ಮೊದಲ ಹೊದಿಕೆ 20,000 ಪ್ರತಿಗಳಿಗೇ ನಿಂತಿತು. ಕೈಯಲ್ಲೇ ಜೋಡಿಸಬೇಕಾದ್ದರಿಂದ ಬಹಳ ದುಬಾರಿ. ವಿಮರ್ಶಕರು ಮನಸಾರೆ ಮೆಚ್ಚಿದರು. ಕೊಳ್ಳುವವರು ನಿಧಾನವಾಗಿ ಬಂದರು: ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಂ ಮುಟ್ಟಿದ ಅತ್ಯುನ್ನತ ಸ್ಥಾನ 171. ಆದರೆ ರೆಗೆಯನ್ನು ಬಿಡಿ ಹಾಡುಗಳ ಮೋಜು ಎಂದುಕೊಂಡಿದ್ದವರು, ಗುಲಾಮಗಿರಿಯ ನೆನಪನ್ನೂ ಕೊಳೆಗೇರಿಯ ಬದುಕನ್ನೂ ಪ್ರೇಮವನ್ನೂ ಒಟ್ಟಿಗೆ ಹೊತ್ತ ಒಂದು ಇಡೀ ಕೃತಿಯಾಗಿ ಕೇಳಲು ಕಲಿತದ್ದು ಈ ತಟ್ಟೆಯಿಂದ.

ಕಿಂಗ್‌ಸ್ಟನ್ ರೂಪ ಅಧಿಕೃತವಾಗಿ ಹೊರಬಂದದ್ದು 2001ರಲ್ಲಿ, ಲಂಡನ್ನಿನಲ್ಲಿ ಕೈಬಿಟ್ಟಿದ್ದ ಎರಡು ಹಾಡುಗಳ ಸಮೇತ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಅದನ್ನು ಕೇಳಬೇಡಿ. ಅಲ್ಲಿ ಬೇಸ್ ಇರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ‘ಕಾಂಕ್ರೀಟ್ ಜಂಗಲ್’ನಲ್ಲಿ ಪರ್ಕಿನ್ಸ್‌ರ ಗಿಟಾರ್ ಮೇಲೇಳಬೇಕಾದ ಜಾಗಕ್ಕೆ ಕಾಯಿರಿ. ಗಿಟಾರ್ ಬರುವುದಿಲ್ಲ. ಆಗಿನ್ನೂ ಇಪ್ಪತ್ತು ದಾಟದ ರಾಬಿ ಶೇಕ್ಸ್‌ಪಿಯರ್ ನುಡಿಸಿದ ಬೇಸ್ ಒಂದೂ ಹೆಜ್ಜೆ ತಪ್ಪದೆ ನಡೆಯುತ್ತಿರುತ್ತದೆ.