ಉದ್ದ ಮೊದಲೇ ಗೊತ್ತಿಲ್ಲದ ಸ್ಟ್ರಕ್ಟ್‌ಗೆ ಎಷ್ಟು ಮೆಮೊರಿ ಕೇಳಬೇಕು?

ಪ್ರಶ್ನೆ: ಸಿ ಭಾಷೆಯಲ್ಲಿ ಒಂದೇ ಸ್ಟ್ರಕ್ಟ್ (ಹಲವು ಡೇಟಾಗಳನ್ನು ಒಟ್ಟಿಗೆ ಇಡುವ ರಚನೆ) ಒಳಗೆ ಮೆಸೇಜಿನ ಉದ್ದ, ಮೆಸೇಜು ಎರಡನ್ನೂ ಇಡಬೇಕು. ಎಷ್ಟು ಉದ್ದ ಅನ್ನೋದು ಪ್ರೋಗ್ರಾಂ ಓಡುವಾಗಲೇ ಗೊತ್ತಾಗುವುದು. ಮೆಮೊರಿ ಕೇಳುವ ಫಂಕ್ಷನ್ ಆದ ಮ್ಯಾಲಾಕ್‌ಗೆ ಸ್ಟ್ರಕ್ಟ್‌ನ ಸೈಜ್‌ಆಫ್ (ಅದು ಎಷ್ಟು ಬೈಟ್ ಅನ್ನೋ ಲೆಕ್ಕ) ಕೊಟ್ಟರೆ ಸಾಕಾ?

ಸಾಕಾಗುವುದಿಲ್ಲ. ಸ್ಟ್ರಕ್ಟ್‌ನ ಕೊನೆಯ ಮೆಂಬರ್ ಆಗಿ, ಬ್ರಾಕೆಟ್ ಒಳಗೆ ಸಂಖ್ಯೆಯೇ ಬರೆಯದ ಒಂದು ಅರೇ (ಒಂದೇ ಬಗೆಯ ಎಲಿಮೆಂಟುಗಳ ಸಾಲು) ಇಡಬಹುದು. ಇದನ್ನು ಫ್ಲೆಕ್ಸಿಬಲ್ ಅರೇ ಮೆಂಬರ್ ಅಂತಾರೆ, ಸಿ99 ಅನ್ನೋ ಸಿ ಭಾಷೆಯ ಸ್ಟ್ಯಾಂಡರ್ಡಿನಿಂದ ಇದೆ. ಸ್ಟ್ರಕ್ಟ್ ಒಳಗೆ ಈ ಅರೇಗಿಂತ ಮುಂಚೆ ಹೆಸರಿರುವ ಇನ್ನೊಂದು ಮೆಂಬರ್ ಆದರೂ ಇರಲೇಬೇಕು. ಆದರೆ ಸೈಜ್‌ಆಫ್ ಈ ಅರೇಯ ಎಲಿಮೆಂಟುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೇಳಬೇಕಾದ್ದು ಇಷ್ಟು:

ಸ್ಟ್ರಕ್ಟ್‌ನ ಸೈಜ್‌ಆಫ್ + (ಎಲಿಮೆಂಟುಗಳ ಸಂಖ್ಯೆ × ಒಂದು ಎಲಿಮೆಂಟಿನ ಸೈಜ್‌ಆಫ್)

ಉದ್ದವನ್ನು 8 ಬೈಟಿನ ಸಂಖ್ಯೆಯಾಗಿ ಇಟ್ಟಿದ್ದೀರಿ, ಮೆಸೇಜಿನಲ್ಲಿ 11 ಅಕ್ಷರ, ಒಂದೊಂದೂ ಒಂದು ಬೈಟ್ ಅಂದುಕೊಳ್ಳಿ. 8 + 11, ಜೊತೆಗೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಮುಗಿಯಿತು ಅಂತ ಕೊನೆಯಲ್ಲಿ ಇಡುವ ಸೊನ್ನೆಗೆ 1, ಒಟ್ಟು 20. ಆ ಒಂದು ಬೈಟ್ ಮರೆತರೆ ಪ್ರೋಗ್ರಾಂ ಸುಮ್ನೆ ಓಡುತ್ತಿರುತ್ತದೆ, ಎಷ್ಟೋ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಕಡೆ ಕ್ರ್ಯಾಶ್ ಆಗುತ್ತದೆ, ನೀವು ಅಲ್ಲೇ ಹುಡುಕುತ್ತಾ ಕೂರುತ್ತೀರಿ.

ಹಳೆಯ ಕೋಡಿನಲ್ಲಿ ಈ ಜಾಗದಲ್ಲಿ 1 ಸೈಜಿನ ಅರೇ ಕಾಣಿಸುತ್ತದೆ. ಅಲ್ಲಿ ಒಂದು ಎಲಿಮೆಂಟು ಸೈಜ್‌ಆಫ್‌ನಲ್ಲೇ ಸೇರಿಹೋಗಿರುತ್ತದೆ, ಲೆಕ್ಕ ಬೇರೆ. ಹೊಸದಾಗಿ ಬರೆಯುವಾಗ ಅದು ಬೇಡ.

ನಿಜವಾದ ಅಪಾಯ ಇರುವುದು ಆ ಗುಣಾಕಾರದಲ್ಲಿ. ಎಲಿಮೆಂಟುಗಳ ಸಂಖ್ಯೆ ಫೈಲಿನಿಂದಲೋ ನೆಟ್‌ವರ್ಕಿನಿಂದಲೋ ಬಂದಿದ್ದರೆ ಯಾರಾದರೂ ಭಾರೀ ದೊಡ್ಡ ಸಂಖ್ಯೆ ಕಳಿಸಬಹುದು, ಆಗ ಗುಣಾಕಾರ ಮಿತಿ ದಾಟಿ ಮತ್ತೆ ಸೊನ್ನೆಯಿಂದ ಸುತ್ತಿಕೊಂಡು ಚಿಕ್ಕ ಸಂಖ್ಯೆಯಾಗುತ್ತದೆ, ಮ್ಯಾಲಾಕ್ ಖುಷಿಯಾಗಿ ಅಷ್ಟೇ ಜಾಗ ಕೊಡುತ್ತದೆ, ನೀವು ಅದರಾಚೆಗೂ ಬರೆಯುತ್ತಾ ಹೋಗುತ್ತೀರಿ. ಗುಣಿಸುವ ಮೊದಲೇ ಮಿತಿ ನೋಡಿ. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೇ ಸ್ಟ್ರಕ್ಟ್‌_ಸೈಜ್ ಅನ್ನೋ ಮ್ಯಾಕ್ರೋ ಇದೆ. ಲೆಕ್ಕ ಮಿತಿ ಮೀರಿದರೆ ಅದು ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆಯನ್ನೇ ಕೊಡುತ್ತದೆ, ಅಷ್ಟು ಮೆಮೊರಿ ಸಿಗುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ.

ಇಂಥ ಸ್ಟ್ರಕ್ಟನ್ನು ಸಮ ಚಿಹ್ನೆ ಹಾಕಿ ಕಾಪಿ ಮಾಡಬೇಡಿ. ಉದ್ದ ಕಾಪಿಯಾಗುತ್ತದೆ, ಮೆಸೇಜು ಬರುವುದಿಲ್ಲ. ಬೈಟುಗಳನ್ನು ಕಾಪಿ ಮಾಡುವ ಮೆಮ್‌ಕಾಪಿ ಫಂಕ್ಷನ್‌ಗೆ ಒಟ್ಟು ಬೈಟುಗಳ ಲೆಕ್ಕ ಕೊಡಿ. ಕಂಪೈಲರ್ ಆ ಲೆಕ್ಕ ಇಟ್ಟುಕೊಂಡಿರುವುದಿಲ್ಲ, ಅಲ್ವಾ, ಉದ್ದವನ್ನು ಸ್ಟ್ರಕ್ಟ್ ಒಳಗೇ ಇಡುವುದು ಅದಕ್ಕೇ. ರಿಯಾಲಾಕ್ ಮಾಡುವಾಗ (ಪಡೆದ ಮೆಮೊರಿಯ ಗಾತ್ರ ಬದಲಿಸುವಾಗ) ಉತ್ತರವನ್ನು ಬೇರೆ ಪಾಯಿಂಟರ್‌ನಲ್ಲಿ (ಮೆಮೊರಿಯ ವಿಳಾಸ ಇಡುವ ವೇರಿಯಬಲ್) ಹಿಡಿಯಿರಿ. ಹಳೆಯದಕ್ಕೇ ಹಾಕಿದರೆ, ಜಾಗ ಸಿಗದೆ ನಲ್ (ಖಾಲಿ ವಿಳಾಸ) ಬಂದಾಗ ಇದ್ದ ಮೆಮೊರಿಯ ವಿಳಾಸವೂ ಕಳೆದುಹೋಗುತ್ತದೆ.

ಪಾಯಿಂಟರ್ ಮೆಂಬರ್ ಇಟ್ಟು ಎರಡು ಸಲ ಮ್ಯಾಲಾಕ್ ಮಾಡಬಾರದಾ? ಮಾಡಬಹುದು, ಆದರೆ ಫ್ರೀ (ಮೆಮೊರಿ ವಾಪಸ್ ಕೊಡುವುದು) ಕೂಡ ಎರಡು ಸಲ. ಒಂದೇ ಅರೇ ಇದ್ದು, ಅದರ ಉದ್ದ ಜಾಸ್ತಿ ಬದಲಾಗದಿದ್ದರೆ ನನ್ನ ಆಯ್ಕೆ ಫ್ಲೆಕ್ಸಿಬಲ್ ಅರೇಯೇ. ಉದ್ದ ಬದಲಾಗುವ ಅರೇ ಎರಡಿದ್ದರೆ ಮಾತ್ರ ಒಂದಕ್ಕಾದರೂ ಪಾಯಿಂಟರ್ ಬೇಕಾಗುತ್ತದೆ, ಏಕೆಂದರೆ ಕೊನೆಯ ಜಾಗ ಇರುವುದು ಒಂದೇ.